ಔಷಧದ ಬೆಲೆ ಮತ್ತು ನಡುವಿನ ಲಾಭ

ಇವತ್ತಿನ ಮಾತು ಔಷಧದ ಬೆಲೆಯ ಬಗ್ಗೆ, ಅದರಲ್ಲೂ ಆ ಬೆಲೆಯೊಳಗೆ ಸೇರಿಕೊಂಡಿರುವ ನಡುವಿನವರ ಲಾಭದ ಬಗ್ಗೆ. ಆದವಾನಿ, ಆಲೂರು, ಎಮ್ಮಿಗನೂರು, ಗೋನೆಗಂಡ್ಲ ಸೇರಿದ ನಮ್ಮ ಕರ್ನೂಲು ಜಿಲ್ಲೆಯ ಪಶ್ಚಿಮ ಸೀಮೆ ಬಹುಮಟ್ಟಿಗೆ ಮಳೆಯನ್ನೇ ನೆಚ್ಚಿದ ಒಣಬೇಸಾಯದ ನೆಲ. ಗಾಜುಲದಿನ್ನೆಯಂಥ ಜಲಾಶಯಗಳ, ಕಾಲುವೆಗಳ ನೀರು ಹರಿಯುವಷ್ಟು ಹೊಲಗಳನ್ನು ಬಿಟ್ಟರೆ ಹತ್ತಿ, ಶೇಂಗಾ, ಜೋಳ ಎಲ್ಲವೂ ಮುಗಿಲು ನೋಡಿ ಬಿತ್ತುವ ಬೆಳೆಗಳೇ. ಹತ್ತಿಯನ್ನು ಆದವಾನಿ ಮಾರುಕಟ್ಟೆಗೆ ಒಯ್ಯುವ ರೈತನಿಗೆ ಅಂದಿನ ಧಾರಣೆ ಎಷ್ಟು, ದಲಾಲಿ ಎಷ್ಟು, ಹಮಾಲಿ ಎಷ್ಟು ಎಂಬುದು ಚೆನ್ನಾಗಿ ಗೊತ್ತಿರುತ್ತದೆ. ಆದರೆ ಅದೇ ರೈತ ಬಿಪಿ ಗುಳಿಗೆಗೋ ಶುಗರ್ ಗುಳಿಗೆಗೋ ಮೆಡಿಕಲ್ ಶಾಪಿಗೆ ಹೋದಾಗ, ಕೊಡುವ ಹಣದಲ್ಲಿ ತಯಾರಿಸಿದವರಿಗೆ ಎಷ್ಟು, ಸಗಟು ವ್ಯಾಪಾರಿಗೆ ಎಷ್ಟು, ಅಂಗಡಿಗೆ ಎಷ್ಟು ಹೋಯಿತೆಂದು ತಿಳಿಯುವ ದಾರಿ ಅವನಿಗಿಲ್ಲ. ಚೀಟಿಯಲ್ಲಿ ಬರೆದದ್ದನ್ನು ತೆಗೆದುಕೊಳ್ಳಬೇಕು, ಸ್ಟ್ರಿಪ್ಪಿನ ಮೇಲೆ ಅಚ್ಚಾದದ್ದನ್ನು ಕೊಡಬೇಕು. ಕೊಳ್ಳುವವನ ಕಣ್ಣಿಗೆ ಬೀಳದ ಈ ನಡುವಿನ ಲೆಕ್ಕವನ್ನು ಕಾನೂನಿನ ಬೆಳಕಿಗೆ ತರದೆ ಔಷಧದ ಬೆಲೆ ಇಳಿಯದು ಎಂಬುದೇ ನಾನು ಇಲ್ಲಿ ಮಂಡಿಸಲಿರುವ ವಾದ.

ಆಂಧ್ರ–ಕರ್ನಾಟಕ ಗಡಿಯ ಜನರಿಗೆ ಈ ಪ್ರಶ್ನೆ ಇನ್ನಷ್ಟು ಹತ್ತಿರದ್ದು. 1953ರ ಅಕ್ಟೋಬರ್ 1ರವರೆಗೆ ಆದವಾನಿ, ಆಲೂರು ತಾಲೂಕುಗಳು ಬಳ್ಳಾರಿ ಜಿಲ್ಲೆಯಲ್ಲಿದ್ದವು. ಆಂಧ್ರ ರಾಜ್ಯ ಹುಟ್ಟಿದಾಗ ಅವು ಈಚೆಗೆ ಬಂದವು. ಆಡಳಿತ ಬೇರೆಯಾದರೂ ಜಡ್ಡು ಜಾಪತ್ರೆಗೆ ಜನ ಎರಡೂ ಕಡೆ ಹೋಗುತ್ತಾರೆ. ಕೆಲವರು ಕರ್ನೂಲಿನ ಸರ್ಕಾರಿ ದೊಡ್ಡಾಸ್ಪತ್ರೆಗೆ, ಕೆಲವರು ಬಳ್ಳಾರಿಗೆ, ಇನ್ನು ಕೆಲವರು ರಾಯಚೂರಿಗೆ. ಉಚಿತ ಚಿಕಿತ್ಸೆಯ ಕಾರ್ಡು ಆಯಾ ರಾಜ್ಯದ್ದು, ಗಡಿ ದಾಟಿದರೆ ಅದರ ಬಲ ಕುಂದುತ್ತದೆ. ಸ್ಟ್ರಿಪ್ಪಿನ ಮೇಲಿನ ಬೆಲೆಗೆ ಮಾತ್ರ ಗಡಿಯಿಲ್ಲ, ಅದು ಗೋನೆಗಂಡ್ಲದಲ್ಲೂ ಬೆಂಗಳೂರಿನಲ್ಲೂ ಒಂದೇ. ನಮ್ಮ ದೇಶದಲ್ಲಿ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನರು ನೇರವಾಗಿ ಜೇಬಿನಿಂದ ಕೊಡುವ ಪಾಲು 2013–14ರಲ್ಲಿ ಶೇ. 64.2 ಇತ್ತು, 2021–22ಕ್ಕೆ ಅದು ಶೇ. 39.4ಕ್ಕೆ ಇಳಿಯಿತೆಂದು ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರ ಹೇಳುತ್ತದೆ. ಇಳಿದದ್ದು ಸಂತೋಷವೇ. ಆದರೂ ನೂರಕ್ಕೆ ಸುಮಾರು ನಲವತ್ತು ರೂಪಾಯಿ ಇನ್ನೂ ರೋಗಿಯ ಮನೆಯಿಂದಲೇ ಹೋಗುತ್ತಿದೆ, ಅದರಲ್ಲಿ ದೊಡ್ಡ ಪಾಲು ಔಷಧದ್ದು.

ಸರ್ಕಾರ ಈ ವಿಷಯದಲ್ಲಿ ಸುಮ್ಮನೆ ಕುಳಿತಿತ್ತೆಂದು ಹೇಳಲಾಗದು. ಚೀನಾ ಯುದ್ಧದ ಹೊತ್ತಿನಲ್ಲಿ, 1962 ಮತ್ತು 1963ರಲ್ಲಿ, ಔಷಧದ ಬೆಲೆಯನ್ನು ಪ್ರಕಟಿಸಬೇಕು, ಏರಿಸಬಾರದು ಎಂಬ ಮೊದಲ ಆದೇಶಗಳು ಬಂದವು. 1970ರಲ್ಲಿ ಅಗತ್ಯ ವಸ್ತುಗಳ ಕಾಯಿದೆಯಡಿ ಔಷಧ ಬೆಲೆ ನಿಯಂತ್ರಣ ಆದೇಶ ಹೊರಟಿತು. ಅದೇ ವರ್ಷದ ಪೇಟೆಂಟ್ ಕಾಯಿದೆ ನಮ್ಮ ಕಂಪನಿಗಳು ಅಗ್ಗವಾಗಿ ಔಷಧ ತಯಾರಿಸುವುದಕ್ಕೆ ದಾರಿ ತೆರೆಯಿತು. 1975ರಲ್ಲಿ ಹಾಥಿ ಸಮಿತಿ ವರದಿ ಕೊಟ್ಟ ಮೇಲೆ 1979ರ ಆದೇಶ 347 ಮೂಲ ಔಷಧಗಳನ್ನು ನಿಯಂತ್ರಣಕ್ಕೆ ತಂದಿತು. ಅಲ್ಲಿಂದ ಪಟ್ಟಿ ಕುಗ್ಗುತ್ತ ಹೋಯಿತು: 1987ರಲ್ಲಿ 142, 1995ರಲ್ಲಿ 74. ಅದನ್ನು ಇನ್ನೂ ಕುಗ್ಗಿಸುವ 2002ರ ಔಷಧ ನೀತಿಗೆ ತಡೆ ಬಿದ್ದದ್ದು ಕರ್ನಾಟಕದಲ್ಲಿ. ಸಾರ್ವಜನಿಕ ಹಿತಾಸಕ್ತಿ ಅರ್ಜಿಯೊಂದರ ಮೇಲೆ ಕರ್ನಾಟಕ ಹೈಕೋರ್ಟು 2002ರ ನವೆಂಬರಿನಲ್ಲಿ ಆ ನೀತಿಗೆ ತಡೆಯಾಜ್ಞೆ ಕೊಟ್ಟಿತು. ಕೇಂದ್ರ ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. 2003ರ ಮಾರ್ಚ್ 10ರಂದು ಸುಪ್ರೀಂ ಕೋರ್ಟು ಹೈಕೋರ್ಟಿನ ಆಜ್ಞೆಯನ್ನು ತಡೆದರೂ, ಅಗತ್ಯ ಮತ್ತು ಜೀವರಕ್ಷಕ ಔಷಧಗಳು ಬೆಲೆ ನಿಯಂತ್ರಣದಿಂದ ಜಾರಿಹೋಗದಂತೆ ನೋಡಿಕೊಳ್ಳಿ ಎಂದು ಸರ್ಕಾರಕ್ಕೆ ಸೂಚಿಸಿತು. ಹತ್ತು ವರ್ಷದ ನಂತರ ಬಂದ 2013ರ ಆದೇಶ, ಅಗತ್ಯ ಔಷಧಗಳ ರಾಷ್ಟ್ರೀಯ ಪಟ್ಟಿಯಲ್ಲಿದ್ದ 348 ಔಷಧಗಳಿಗೆ ಮೇಲ್ಮಿತಿ ಹಾಕಿದ್ದಕ್ಕೆ ಈ ಮಾತಿನ ಒತ್ತಾಸೆಯೂ ಇತ್ತು. 1997ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಔಷಧ ಬೆಲೆ ನಿಗದಿ ಪ್ರಾಧಿಕಾರ ಇವತ್ತು ಈ ಕೆಲಸ ನೋಡಿಕೊಳ್ಳುತ್ತಿದೆ.

ಹಾಗಾದರೆ ಕೊರತೆ ಎಲ್ಲಿದೆ? ಮೇಲ್ಮಿತಿ ಕಟ್ಟುವ ಬಗೆಯಲ್ಲಿದೆ. ಹಿಂದೆ ತಯಾರಿಕೆಯ ವೆಚ್ಚ ಲೆಕ್ಕಹಾಕಿ ಬೆಲೆ ಕಟ್ಟುತ್ತಿದ್ದರು. 2013ರಿಂದ, ಮಾರುಕಟ್ಟೆಯಲ್ಲಿ ಶೇ. 1ಕ್ಕಿಂತ ಕಡಿಮೆಯಿಲ್ಲದ ಪಾಲಿರುವ ಎಲ್ಲ ಬ್ರ್ಯಾಂಡುಗಳ ದರವನ್ನು ಕೂಡಿಸಿ ಸರಾಸರಿ ತೆಗೆದು, ಅದಕ್ಕೆ ಅಂಗಡಿಯ ಲಾಭ ಶೇ. 16 ಸೇರಿಸುತ್ತಾರೆ. ಮಾರುಕಟ್ಟೆಯ ದರವೇ ಮೊದಲು ಉಬ್ಬಿದ್ದರೆ ಸರಾಸರಿಯೂ ಉಬ್ಬಿಯೇ ಬರುತ್ತದೆ. ಇನ್ನು ಪಟ್ಟಿಯ ಹೊರಗಿನ ಔಷಧಗಳಿಗೆ ಆರಂಭದ ಬೆಲೆ ಕಂಪನಿ ಹೇಳಿದ್ದೇ. ವರ್ಷಕ್ಕೆ ಶೇ. 10ಕ್ಕಿಂತ ಹೆಚ್ಚು ಏರಿಸಬಾರದೆಂಬುದೊಂದೇ ಕಟ್ಟು, ನಡುವಿನ ಲಾಭ ಇಷ್ಟನ್ನು ಮೀರಬಾರದೆಂಬ ಕಟ್ಟು ಸಾಮಾನ್ಯವಾಗಿ ಇಲ್ಲ. ಇದರ ಪರಿಣಾಮವನ್ನು ಒಂದು ಲೆಕ್ಕ ಹಾಕಿ ನೋಡೋಣ. ಒಂದೇ ಔಷಧದ ಎರಡು ಬ್ರ್ಯಾಂಡುಗಳಿವೆ ಎನ್ನಿ. ಒಂದರ ಮೇಲೆ 20 ರೂಪಾಯಿ, ಇನ್ನೊಂದರ ಮೇಲೆ 100 ರೂಪಾಯಿ ಅಚ್ಚಾಗಿದೆ. ಎರಡರ ಮೇಲೂ ಅಂಗಡಿಗೆ ಶೇ. 20 ಲಾಭ. ಅಗ್ಗದ್ದನ್ನು ಮಾರಿದರೆ 4 ರೂಪಾಯಿ, ತುಟ್ಟಿಯದನ್ನು ಮಾರಿದರೆ 20 ರೂಪಾಯಿ. ಬೇರೆ ಸರಕಿನಲ್ಲಿ ಪೈಪೋಟಿ ಹೆಚ್ಚಿದರೆ ಬೆಲೆ ಇಳಿಯುತ್ತದೆ. ಔಷಧದಲ್ಲಿ ಕಂಪನಿಗಳ ಪೈಪೋಟಿ ನಡೆಯುವುದು ರೋಗಿಯನ್ನು ಒಲಿಸಿಕೊಳ್ಳುವುದಕ್ಕಲ್ಲ, ಚೀಟಿ ಬರೆಯುವವರನ್ನೂ ಸರಕು ಇಡುವವರನ್ನೂ ಒಲಿಸಿಕೊಳ್ಳುವುದಕ್ಕೆ. ಹಾಗಾಗಿ ಪೈಪೋಟಿ ಹೆಚ್ಚಿದಷ್ಟೂ ಅಚ್ಚಾದ ಬೆಲೆ ಮೇಲಕ್ಕೇ ಹೋಗಬಹುದು. ಇದು ಒಬ್ಬ ಅಂಗಡಿಯವನ ದುರಾಸೆಯ ಮಾತಲ್ಲ, ವ್ಯವಸ್ಥೆಯನ್ನು ಕಟ್ಟಿರುವ ರೀತಿಯೇ ಹಾಗಿದೆ.

ಇದು ಬರಿಯ ಊಹೆಯಲ್ಲ, ಸರ್ಕಾರದ ಕಡತಗಳೇ ಇದಕ್ಕೆ ಸಾಕ್ಷಿ. 2018ರ ಫೆಬ್ರುವರಿಯಲ್ಲಿ ಬೆಲೆ ಪ್ರಾಧಿಕಾರ ದೆಹಲಿ ಸುತ್ತಮುತ್ತಲಿನ ನಾಲ್ಕು ಖಾಸಗಿ ಆಸ್ಪತ್ರೆಗಳ ಬಿಲ್ಲುಗಳನ್ನು ಪರಿಶೀಲಿಸಿ ವರದಿ ಪ್ರಕಟಿಸಿತು. ಕೆಲವು ಸಾಮಗ್ರಿಗಳ ಮೇಲೆ ಆಸ್ಪತ್ರೆಗಳ ಲಾಭ ಶೇ. 1,737ರವರೆಗೂ ಹೋಗಿತ್ತು. ಆಸ್ಪತ್ರೆಗಳು ಬೆಲೆ ನಿಯಂತ್ರಣದ ಪಟ್ಟಿಯಲ್ಲಿಲ್ಲದ ಔಷಧಗಳನ್ನೇ ಹೆಚ್ಚಾಗಿ ಬಳಸುತ್ತಿದ್ದುದೂ ಅದರಲ್ಲಿ ಕಂಡುಬಂತು. ಅದಕ್ಕೆ ಒಂದು ವರ್ಷ ಮೊದಲು, 2017ರ ಫೆಬ್ರುವರಿಯಲ್ಲಿ, ಹೃದಯದ ರಕ್ತನಾಳಕ್ಕೆ ಹಾಕುವ ಸ್ಟೆಂಟಿಗೆ ಮಿತಿ ಬಿತ್ತು. ಲಕ್ಷ ರೂಪಾಯಿ ದಾಟುತ್ತಿದ್ದ ಔಷಧ ಲೇಪಿತ ಸ್ಟೆಂಟಿನ ಬೆಲೆ 29,600 ರೂಪಾಯಿಗೆ ಬಂತು, ಸಾದಾ ಸ್ಟೆಂಟಿನದು 7,260ಕ್ಕೆ. 2019ರ ಫೆಬ್ರುವರಿಯಲ್ಲಿ 42 ಕ್ಯಾನ್ಸರ್ ಔಷಧಗಳ ಮೇಲೆ ಹೊಸ ಪ್ರಯೋಗ ನಡೆಯಿತು. ತಯಾರಕರ ದರವನ್ನು ಮುಟ್ಟದೆ, ಕಾರ್ಖಾನೆಯಿಂದ ಹೊರಟ ಮೇಲಿನ ಲಾಭ ಶೇ. 30 ಮೀರಬಾರದೆಂದಷ್ಟೇ ಪ್ರಾಧಿಕಾರ ಹೇಳಿತು. ಅಷ್ಟಕ್ಕೇ 500ಕ್ಕೂ ಹೆಚ್ಚು ಬ್ರ್ಯಾಂಡುಗಳ ಬೆಲೆ ಇಳಿಯಿತು, ಕೆಲವು ಶೇ. 90ರವರೆಗೂ ಇಳಿದವು. ಈ ಕೊನೆಯ ಸಂಗತಿಯನ್ನು ಕೇಳುಗರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ತಯಾರಕನಿಗೆ ಒಂದು ಪೈಸೆ ಕಡಿಮೆಯಾಗದಂತೆ ಬೆಲೆ ಹತ್ತರಲ್ಲಿ ಒಂದು ಪಾಲಿಗೆ ಇಳಿಯುವುದಾದರೆ, ಉಳಿದ ಒಂಬತ್ತು ಪಾಲು ಎಲ್ಲಿಗೆ ಹೋಗುತ್ತಿತ್ತು?

ನಡುವಿನ ಲಾಭಕ್ಕೆ ಕಾನೂನೇ ಒತ್ತುಕೊಟ್ಟಂತಿರುವ ಒಂದು ಜಾಗವೂ ಇದೆ. ಔಷಧ ನಿಯಮಗಳ ಪ್ರಕಾರ, ವೈದ್ಯರ ಚೀಟಿಯ ಮೇಲಷ್ಟೇ ಮಾರಬೇಕಾದ ಶೆಡ್ಯೂಲ್ ಎಚ್ ಔಷಧ ಬರೆದ ಚೀಟಿ ಬಂದಾಗ, ಅದೇ ಮೂಲವಸ್ತುವಿರುವ ಅಗ್ಗದ ಬ್ರ್ಯಾಂಡು ತನ್ನ ಕಪಾಟಿನಲ್ಲಿದ್ದರೂ ಅಂಗಡಿಯವನು ಅದನ್ನು ಬದಲಾಗಿ ಕೊಡುವಂತಿಲ್ಲ. ಆದ್ದರಿಂದ ವೈದ್ಯರು ಯಾವ ಹೆಸರು ಬರೆದರೆಂಬುದೇ ಎಲ್ಲವನ್ನೂ ತೀರ್ಮಾನಿಸುತ್ತದೆ. ಔಷಧದ ಮೂಲ ಹೆಸರನ್ನು, ಅಂದರೆ ಜೆನೆರಿಕ್ ಹೆಸರನ್ನು, ಬರೆಯಬೇಕೆಂದು ವೈದ್ಯಕೀಯ ಪರಿಷತ್ತು 2016ರಲ್ಲಿ ನಿಯಮ ಬಿಗಿಮಾಡಿತು. 2023ರ ಆಗಸ್ಟಿನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಅದನ್ನು ಇನ್ನಷ್ಟು ಖಡಾಖಂಡಿತವಾಗಿ ಹೇಳಿತು, ವಿರೋಧ ಎದ್ದೊಡನೆ ಅದೇ ತಿಂಗಳು ನಿಯಮಾವಳಿಯನ್ನು ತಡೆಹಿಡಿಯಿತು. ಕಂಪನಿಗಳು ವೈದ್ಯರಿಗೆ ಕೊಡುವ ಉಡುಗೊರೆಗಳನ್ನು ವ್ಯಾಪಾರದ ಖರ್ಚೆಂದು ತೋರಿಸಿ ಆದಾಯ ತೆರಿಗೆ ಉಳಿಸುವಂತಿಲ್ಲ ಎಂದು 2022ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು. ಆ ಉಡುಗೊರೆಯ ಖರ್ಚು ಕೊನೆಗೆ ಔಷಧದ ಬೆಲೆಯಲ್ಲೇ ಸೇರುತ್ತದೆ ಎಂದೂ ಆ ತೀರ್ಪು ಎತ್ತಿ ಹೇಳಿತು. 2024ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ಔಷಧ ಮಾರಾಟಕ್ಕೆ ಏಕರೂಪ ಸಂಹಿತೆಯನ್ನು ಹೊರಡಿಸಿತು. ಅದರ ಜಾರಿಯನ್ನು ಮೊದಲ ಹಂತದಲ್ಲಿ ಕಂಪನಿಗಳ ಸಂಘಗಳಿಗೇ ಬಿಟ್ಟಿರುವುದು ಅದರ ದುರ್ಬಲ ಅಂಗ.

ಈಗ ಸ್ವಲ್ಪ ಹೊರಗಿನ ಜಗತ್ತನ್ನು ನೋಡೋಣ. ಅಮೆರಿಕದಲ್ಲಿ ಔಷಧದ ಖರ್ಚನ್ನು ಬಹುಮಟ್ಟಿಗೆ ವಿಮೆ ಭರಿಸುತ್ತದೆ. ವಿಮೆ ಕಂಪನಿಗೂ ತಯಾರಕರಿಗೂ ಔಷಧ ಅಂಗಡಿಗೂ ನಡುವೆ ನಿಂತು ವ್ಯವಹಾರ ಕುದುರಿಸುವ ಸಂಸ್ಥೆಗಳು ಅಲ್ಲಿ ಬೆಳೆದಿವೆ. ಯಾವ ಔಷಧಕ್ಕೆ ವಿಮೆಯ ಹಣ ಸಿಗಬೇಕೆಂಬ ಪಟ್ಟಿ ಮಾಡುವವರು ಅವರೇ, ಪಟ್ಟಿಗೆ ಸೇರಿಸುವುದಕ್ಕೆ ತಯಾರಕರಿಂದ ರಿಯಾಯಿತಿ ಪಡೆಯುವವರೂ ಅವರೇ, ಅಂಗಡಿಗೆ ಎಷ್ಟು ಕೊಡಬೇಕೆಂದು ಕಟ್ಟುವವರೂ ಅವರೇ. ಬೆಲೆ ಇಳಿಸಲೆಂದು ಹುಟ್ಟಿದ ಈ ನಡುವಿನವರು ಕ್ರಮೇಣ ತಾವೇ ದೊಡ್ಡ ಶಕ್ತಿಯಾದರು. ಅಲ್ಲಿನ ಒಕ್ಕೂಟ ವ್ಯಾಪಾರ ಆಯೋಗ 2024ರ ಜುಲೈಯಲ್ಲಿ ಕೊಟ್ಟ ಮಧ್ಯಂತರ ವರದಿಯ ಪ್ರಕಾರ, ದೇಶದ ಔಷಧ ಚೀಟಿಗಳಲ್ಲಿ ಸುಮಾರು ಶೇ. 80ರಷ್ಟು ಕೇವಲ ಮೂರು ಸಂಸ್ಥೆಗಳ ಕೈಯಲ್ಲಿ ಹಾದುಹೋಗುತ್ತವೆ. ಒಹಾಯೊ ರಾಜ್ಯದ ಲೆಕ್ಕ ಪರಿಶೋಧಕರು 2018ರಲ್ಲಿ ಕಡತ ತೆಗೆದು ನೋಡಿದಾಗ, ಈ ಸಂಸ್ಥೆಗಳು ಬಡವರ ವಿಮಾ ಯೋಜನೆಯಿಂದ ಪಡೆದ ಹಣಕ್ಕೂ ಅಂಗಡಿಗಳಿಗೆ ಕೊಟ್ಟ ಹಣಕ್ಕೂ ಒಂದೇ ವರ್ಷದಲ್ಲಿ 22 ಕೋಟಿ 48 ಲಕ್ಷ ಡಾಲರಿನ ಅಂತರವಿತ್ತು. ಆರ್ಕನ್ಸಾ ರಾಜ್ಯ 2015ರಲ್ಲೇ ಕಾನೂನು ಮಾಡಿ, ಅಂಗಡಿಯವನು ಕೊಂಡ ಬೆಲೆಗಿಂತ ಕಡಿಮೆ ಕೊಡಬಾರದೆಂದು ಈ ಸಂಸ್ಥೆಗಳನ್ನು ಕಟ್ಟಿಹಾಕಿತು. ಅದು ಒಕ್ಕೂಟದ ಕಾನೂನಿಗೆ ವಿರುದ್ಧವೆಂದು ಸಂಸ್ಥೆಗಳು ವಾದಿಸಿದವು. 2020ರ ಡಿಸೆಂಬರ್ 10ರಂದು ಅಲ್ಲಿನ ಸುಪ್ರೀಂ ಕೋರ್ಟು ಭಿನ್ನಮತವಿಲ್ಲದೆ ರಾಜ್ಯದ ಕಾನೂನನ್ನು ಎತ್ತಿಹಿಡಿಯಿತು.

ಅಮೆರಿಕದ ಕಥೆ ನಮಗೇಕೆ ಎಂದು ಕೇಳಬಹುದು. ಎರಡು ಕಾರಣಗಳಿವೆ. ಮೊದಲನೆಯದು, ರಚನೆ ಬೇರೆಯಾದರೂ ರೋಗ ಒಂದೇ: ಔಷಧವನ್ನು ಆಯ್ಕೆ ಮಾಡುವವರು ಒಬ್ಬರು, ಹಣ ಕೊಡುವವರು ಇನ್ನೊಬ್ಬರು, ಲಾಭದ ಲೆಕ್ಕ ಇಬ್ಬರ ಕಣ್ಣಿಗೂ ಬೀಳದ ಜಾಗದಲ್ಲಿ. ಎರಡನೆಯದು, ನಮ್ಮಲ್ಲೂ ಅದೇ ಬಗೆಯ ಕೂಡಾವಳಿಗಳು ಶುರುವಾಗಿವೆ. ಆರೋಗ್ಯ ವಿಮೆಯ ನಡುವಿನ ಸಂಸ್ಥೆಗಳಿಗೆ 2001ರಿಂದಲೇ ವಿಮಾ ಪ್ರಾಧಿಕಾರದ ನಿಯಮಗಳಿವೆ. ಆದರೆ ಆನ್‌ಲೈನ್ ಔಷಧ ಮಾರಾಟಕ್ಕೆ 2018ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ಕರಡು ನಿಯಮಗಳು ವರ್ಷಗಳು ಉರುಳಿದರೂ ಅಂತಿಮ ರೂಪ ಪಡೆಯಲಿಲ್ಲ. ಅಷ್ಟರಲ್ಲಿ, 2020 ಮತ್ತು 2021ರಲ್ಲಿ, ದೇಶದ ಅತಿದೊಡ್ಡ ಉದ್ಯಮ ಸಮೂಹಗಳು ಆನ್‌ಲೈನ್ ಔಷಧ ಕಂಪನಿಗಳನ್ನು ಕೊಂಡವು. ನಾಳೆ ವಿಮೆಯು ದಿನನಿತ್ಯದ ಗುಳಿಗೆಗಳಿಗೂ ವಿಸ್ತರಿಸಿದರೆ, ಯಾವ ಗುಳಿಗೆ, ಯಾವ ಅಂಗಡಿ, ಎಷ್ಟು ಬೆಲೆ ಎಂಬುದನ್ನು ಕೆಲವೇ ಸಂಸ್ಥೆಗಳು ತೀರ್ಮಾನಿಸುವ ದಿನ ಬರಬಹುದು. ಅಂಥ ಶಕ್ತಿ ಬೆಳೆದ ಮೇಲೆ ಲಗಾಮು ಹಾಕುವುದು ಎಷ್ಟು ಕಷ್ಟವೆಂಬುದಕ್ಕೆ ಅಮೆರಿಕದ ರಾಜ್ಯಗಳು ಕೋರ್ಟುಗಳಲ್ಲಿ ಕಳೆದ ವರ್ಷಗಳೇ ಪಾಠ.

ಬೆಲೆ ಕಟ್ಟುವ ಅಧಿಕಾರ ಕೇಂದ್ರದ್ದು, ರಾಜ್ಯ ಏನು ಮಾಡೀತು ಎಂಬ ಮಾತು ಆಗಾಗ ಕೇಳಿಬರುತ್ತದೆ. ಅದು ಅರ್ಧ ಸತ್ಯ. ಔಷಧ ಅಂಗಡಿಗೆ ಲೈಸೆನ್ಸು ಕೊಡುವುದು, ತಪಾಸಣೆ ಮಾಡುವುದು, ಮಾದರಿ ತೆಗೆದು ಪರೀಕ್ಷಿಸುವುದು ರಾಜ್ಯದ ಕೆಲಸ. ಅದಕ್ಕಿಂತ ದೊಡ್ಡದು ಕೊಳ್ಳುವ ಶಕ್ತಿ. ತಮಿಳುನಾಡು 1994ರಲ್ಲಿ ವೈದ್ಯಕೀಯ ಸೇವಾ ನಿಗಮ ಕಟ್ಟಿ, ತಯಾರಕರಿಂದ ನೇರವಾಗಿ ಟೆಂಡರಿನಲ್ಲಿ ಔಷಧ ಕೊಂಡು, ಪರೀಕ್ಷೆ ಮಾಡಿಸಿ, ಜಿಲ್ಲಾ ಗೋದಾಮುಗಳಿಂದ ಆಸ್ಪತ್ರೆಗಳಿಗೆ ತಲುಪಿಸಿತು. ರಾಜಸ್ಥಾನದ ಚಿತ್ತೋಡಗಢದಲ್ಲಿ ಜಿಲ್ಲಾಧಿಕಾರಿಯಾಗಿದ್ದ ಸಮಿತ್ ಶರ್ಮಾ ಸಹಕಾರಿ ಅಂಗಡಿಗಳ ಮೂಲಕ ಜೆನೆರಿಕ್ ಔಷಧ ಮಾರಿಸಿ ತೋರಿಸಿದರು. 2011ರ ಅಕ್ಟೋಬರ್ 2ರಂದು ಆ ರಾಜ್ಯ ಎಲ್ಲ ಸರ್ಕಾರಿ ಆಸ್ಪತ್ರೆಗಳಲ್ಲೂ ಉಚಿತ ಔಷಧ ಯೋಜನೆ ಆರಂಭಿಸಿತು. ಆಂಧ್ರದಲ್ಲೂ ಕರ್ನಾಟಕದಲ್ಲೂ ಇಂಥದೇ ಖರೀದಿ ನಿಗಮಗಳಿವೆ. ನಿಗಮ ನೇರವಾಗಿ ಕೊಂಡಾಗ ನಡುವಿನ ಸರಪಳಿ ತಾನಾಗಿ ತುಂಡಾಗುತ್ತದೆ. ಆದ್ದರಿಂದ ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿಪಿ, ಶುಗರಿನ ಗುಳಿಗೆ ತಿಂಗಳು ತಪ್ಪದೆ ಸಿಕ್ಕರೆ, ಅದು ಉಪಕಾರ ಮಾತ್ರವಲ್ಲ, ಆ ಸುತ್ತಿನ ಮಾರುಕಟ್ಟೆಯ ಬೆಲೆಯನ್ನೂ ಹಿಡಿದಿಡುವ ನಿಯಂತ್ರಣ. ಔಷಧ ಮುಗಿದಿದೆ, ಹೊರಗೆ ತಗೊಳ್ಳಿ ಎಂಬ ಮಾತು ಬಂದ ದಿನ ಆ ನಿಯಂತ್ರಣ ಮುರಿದುಬೀಳುತ್ತದೆ.

ಈ ವಾದಕ್ಕೆ ಎದುರಾಗಿ ಬರುವ ಆಕ್ಷೇಪಗಳಲ್ಲಿ ತೂಕವಿದೆ, ಅವನ್ನು ತಳ್ಳಿಹಾಕಬಾರದು. ಮೊದಲನೆಯದು, ಬೆಲೆಗೆ ಕಟ್ಟು ಹಾಕಿದರೆ ಕಂಪನಿಗಳು ತಯಾರಿಕೆಯನ್ನೇ ನಿಲ್ಲಿಸುತ್ತವೆ, ಔಷಧ ಸಿಗದಂತಾಗುತ್ತದೆ ಎಂಬುದು. ಬರೀ ಮೇಲ್ಮಿತಿಯ ವಿಷಯದಲ್ಲಿ ಈ ಭಯ ನಿಜ. ಕಚ್ಚಾ ಸಾಮಗ್ರಿ ತುಟ್ಟಿಯಾಗಿ ತಯಾರಿಕೆ ಗಿಟ್ಟದಿದ್ದಾಗ 2024ರ ಅಕ್ಟೋಬರಿನಲ್ಲಿ ಪ್ರಾಧಿಕಾರವೇ ಎಂಟು ಔಷಧಗಳ ಮೇಲ್ಮಿತಿಯನ್ನು ಶೇ. 50ರಷ್ಟು ಏರಿಸಿತು. ಅವುಗಳಲ್ಲಿ ಉಬ್ಬಸದ ಸಾಲ್ಬುಟಮಾಲ್, ಕ್ಷಯದ ಸ್ಟ್ರೆಪ್ಟೊಮೈಸಿನ್ ಇದ್ದವು. ಅಂದರೆ ಬಿಗಿಯುವ ಅಧಿಕಾರದ ಜೊತೆಗೆ ಸಡಿಲಿಸುವ ಅಧಿಕಾರವೂ ಕಾನೂನಿನಲ್ಲಿದೆ. ಆದರೆ ನಾನು ಕೇಳುತ್ತಿರುವುದು ತಯಾರಕರ ದರಕ್ಕೆ ಕತ್ತರಿಯಲ್ಲ, ಕಾರ್ಖಾನೆ ದಾಟಿದ ಮೇಲಿನ ಲಾಭಕ್ಕೆ ಮಿತಿ. ಅದರಿಂದ ತಯಾರಕರಿಗಾಗಲಿ ಹೊಸ ಔಷಧದ ಸಂಶೋಧನೆಗಾಗಲಿ ನಷ್ಟವಿಲ್ಲ, ಏಕೆಂದರೆ ಆ ಲಾಭ ಸಂಶೋಧನಾಲಯಕ್ಕೆ ಹೋಗುತ್ತಲೇ ಇಲ್ಲ.

ಎರಡನೆಯ ಆಕ್ಷೇಪ ಗುಣಮಟ್ಟದ್ದು: ಅಗ್ಗದ ಔಷಧ ಕೆಲಸ ಮಾಡದು ಎಂಬ ಅನುಮಾನ. ಇದನ್ನು ನಮ್ಮ ಸೀಮೆಯ ಜನರ ಮುಂದೆ ಹಗುರವಾಗಿ ಆಡುವಂತಿಲ್ಲ. 2024ರ ನವೆಂಬರಿನಲ್ಲಿ ಬಳ್ಳಾರಿಯ ಜಿಲ್ಲಾಸ್ಪತ್ರೆಯಲ್ಲಿ ಹೆರಿಗೆಯಾದ ತಾಯಂದಿರು ಒಬ್ಬರ ಹಿಂದೊಬ್ಬರು ತೀರಿಕೊಂಡರು. ಸರ್ಕಾರಿ ಪೂರೈಕೆಯಲ್ಲಿ ಬಂದ, ರಕ್ತನಾಳಕ್ಕೆ ಏರಿಸುವ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಅನುಮಾನ ಬಿತ್ತು, ಕರ್ನಾಟಕ ಸರ್ಕಾರ ಅದರ ಬಳಕೆ ನಿಲ್ಲಿಸಿ ರಾಜ್ಯದ ಔಷಧ ನಿಯಂತ್ರಕರನ್ನು ಅಮಾನತುಗೊಳಿಸಿತು. ಬಾಣಂತಿಯರ ಸಾವಿಗಿಂತ ದೊಡ್ಡ ದುಃಖವಿಲ್ಲ. ಆದರೆ ಆ ದುರಂತ ಕಲಿಸುವ ಪಾಠ ತುಟ್ಟಿ ಔಷಧ ಕೊಳ್ಳಿ ಎಂಬುದಲ್ಲ, ಪ್ರತಿ ಬ್ಯಾಚನ್ನೂ ಸ್ವತಂತ್ರ ಪ್ರಯೋಗಾಲಯದಲ್ಲಿ ಪರೀಕ್ಷಿಸಿ, ಫೇಲಾದದ್ದನ್ನು ಅಂದೇ ಎಲ್ಲ ಆಸ್ಪತ್ರೆಗಳಿಂದ ವಾಪಸು ತೆಗೆಸಿ ಎಂಬುದು. 1940ರ ಔಷಧ ಕಾಯಿದೆ ಬ್ರ್ಯಾಂಡಿಗೊಂದು, ಜೆನೆರಿಕ್ಕಿಗೊಂದು ಗುಣಮಟ್ಟ ಹೇಳುವುದಿಲ್ಲ, ಎರಡಕ್ಕೂ ಒಂದೇ ಅಳತೆ. ಅಚ್ಚಾದ ಬೆಲೆ ಗುಣಕ್ಕೆ ಜಾಮೀನಲ್ಲ. ನಡುವಿನ ಲಾಭಕ್ಕೆ ಹೋಗುವ ಹಣದಲ್ಲಿ ಒಂದಂಶ ಪ್ರಯೋಗಾಲಯಗಳಿಗೂ ಔಷಧ ತಪಾಸಣಾಧಿಕಾರಿಗಳ ನೇಮಕಕ್ಕೂ ಹೋದರೆ ಗುಣಮಟ್ಟ ತಾನಾಗಿ ಏರುತ್ತದೆ.

ಮೂರನೆಯದು ಸಣ್ಣ ಅಂಗಡಿಗಳ ಜೀವನದ ಪ್ರಶ್ನೆ. ಮಂಡಲ ಕೇಂದ್ರದ ಮೆಡಿಕಲ್ ಶಾಪು ರಾತ್ರಿ ಹೊತ್ತಿನಲ್ಲೂ ಬಾಗಿಲು ತೆರೆಯುವ, ಸಾಲಕ್ಕೂ ಗುಳಿಗೆ ಕೊಡುವ ಜಾಗ. ಅದು ಮುಚ್ಚಿದರೆ ನಷ್ಟ ಊರಿನದೇ. ಇದಕ್ಕೆ ಉತ್ತರ ಮೆಟ್ಟಿಲು ಮೆಟ್ಟಿಲಾದ ಮಿತಿ. ಔಷಧದ ಬೆಲೆ ಕಡಿಮೆಯಿದ್ದಷ್ಟೂ ಲಾಭದ ಶೇಕಡಾ ಹೆಚ್ಚಿರಲಿ, ಬೆಲೆ ಏರಿದಂತೆ ಶೇಕಡಾ ಇಳಿಯಲಿ. ಹೆಚ್ಚು ಲಾಭದ ಬಗ್ಗೆ ಕೇಂದ್ರ ಸರ್ಕಾರ ನೇಮಿಸಿದ್ದ ಸಮಿತಿಯೂ ಇಂಥದೇ ಕ್ರಮವನ್ನು ಸೂಚಿಸಿತ್ತು. ಆಗ ಅಗ್ಗದ ಗುಳಿಗೆ ಮಾರಿದವನಿಗೂ ಹೊಟ್ಟೆ ತುಂಬುತ್ತದೆ, ತುಟ್ಟಿಯದನ್ನೇ ಮುಂದೆ ಮಾಡುವ ಆಸೆಯೂ ಅಳಿಯುತ್ತದೆ. ಸಣ್ಣ ಅಂಗಡಿಗೆ ನಿಜವಾದ ಕುತ್ತು ಇರುವುದು ಲಾಭದ ಮಿತಿಯಿಂದಲ್ಲ, ಅಂಗಡಿ, ಆನ್‌ಲೈನ್ ಮಾರಾಟ, ವಿಮೆ ಮೂರನ್ನೂ ಒಂದೇ ಕೈಗೆ ತೆಗೆದುಕೊಳ್ಳಬಲ್ಲ ದೊಡ್ಡ ಬಂಡವಾಳದಿಂದ. ಆರ್ಕನ್ಸಾದ ಕಾನೂನು ಕಾಪಾಡಹೊರಟದ್ದೂ ಅಂಥ ಸಣ್ಣ ಅಂಗಡಿಗಳನ್ನೇ.

ನಾಲ್ಕನೆಯ ಮಾತು: ಆರೋಗ್ಯಶ್ರೀ ಇದೆ, ಜನೌಷಧಿ ಇದೆ, ಇನ್ನೇನು ಬೇಕು? 2007ರಲ್ಲಿ ಅವಿಭಜಿತ ಆಂಧ್ರದಲ್ಲಿ ಶುರುವಾಗಿ ಈಗ ಎನ್‌ಟಿಆರ್ ವೈದ್ಯ ಸೇವೆ ಎಂಬ ಹೆಸರಿನಲ್ಲಿರುವ ಆರೋಗ್ಯಶ್ರೀ ಯೋಜನೆ ಬಡವರ ಎಷ್ಟೋ ಮನೆಗಳನ್ನು ಸಾಲದಿಂದ ಉಳಿಸಿದೆ. ಆದರೆ ಅದು ಮುಖ್ಯವಾಗಿ ಆಸ್ಪತ್ರೆಗೆ ಸೇರಿದವರ ಚಿಕಿತ್ಸೆಗೆ. ಇಪ್ಪತ್ತು ವರ್ಷ ದಿನಾ ನುಂಗುವ ಗುಳಿಗೆಯ ಭಾರ ಮನೆಯ ಮೇಲೇ ಉಳಿಯುತ್ತದೆ. 2008ರಲ್ಲಿ ಆರಂಭವಾದ, ಜೆನೆರಿಕ್ ಔಷಧ ಮಾರುವ ಜನೌಷಧಿ ಕೇಂದ್ರಗಳು 2025ರ ಹೊತ್ತಿಗೆ 15,000ಕ್ಕೆ ಬೆಳೆದಿದ್ದವು, ಅಲ್ಲಿ ಬೆಲೆ ಪೇಟೆಯ ಬ್ರ್ಯಾಂಡುಗಳಿಗಿಂತ ಅರ್ಧಕ್ಕೂ ಕಡಿಮೆ. ಆದರೆ ಚೀಟಿಯಲ್ಲಿ ಬ್ರ್ಯಾಂಡಿನ ಹೆಸರೇ ಇದ್ದರೆ ರೋಗಿ ಅಲ್ಲಿಗೆ ಹೋಗಿ ಏನು ಕೇಳಬೇಕು? 2025ರ ಮೇ ತಿಂಗಳಲ್ಲಿ ಕರ್ನಾಟಕ ಸರ್ಕಾರ, ಆಸ್ಪತ್ರೆಯಲ್ಲೇ ಉಚಿತ ಔಷಧ ಕೊಡಬೇಕಾದಾಗ ಆವರಣದಲ್ಲಿ ಮಾರಾಟ ಏಕೆ ಎಂದು ಕೇಳಿ, ಸರ್ಕಾರಿ ಆಸ್ಪತ್ರೆಗಳೊಳಗಿನ ಜನೌಷಧಿ ಕೇಂದ್ರಗಳನ್ನು ಮುಚ್ಚಲು ಆದೇಶಿಸಿತು. ವಿಷಯ ಹೈಕೋರ್ಟಿನ ಧಾರವಾಡ ಪೀಠದ ಮುಂದೆ ಹೋಯಿತು. ಉಚಿತ ಔಷಧ ನಿಜವಾಗಿ ತಪ್ಪದೆ ಸಿಗುವಲ್ಲಿ ಆ ಮಾತು ಒಪ್ಪತಕ್ಕದ್ದೇ. ಸಿಗದ ದಿನ, ಅಗ್ಗದ ಅಂಗಡಿಯೂ ಇಲ್ಲದೆ ರೋಗಿ ಮತ್ತೆ ಹಳೆಯ ಸರಪಳಿಗೇ ಬೀಳುತ್ತಾನೆ.

ಹೀಗಾಗಿ ಆಗಬೇಕಾದ ಕೆಲಸ ಸ್ಪಷ್ಟವಿದೆ. ಕ್ಯಾನ್ಸರ್ ಔಷಧಗಳ ಮೇಲೆ 2019ರಲ್ಲಿ ಫಲಕೊಟ್ಟ ಲಾಭದ ಮಿತಿಯನ್ನು ಕೇಂದ್ರ ಸರ್ಕಾರ ಪಟ್ಟಿಯ ಹೊರಗಿನ ಎಲ್ಲ ಔಷಧಗಳಿಗೂ ಮೆಟ್ಟಿಲು ಕ್ರಮದಲ್ಲಿ ವಿಸ್ತರಿಸಬೇಕು. ಅದೇ ಮೂಲವಸ್ತುವಿನ ಅಗ್ಗದ ಔಷಧವನ್ನು ರೋಗಿ ಕೇಳಿದರೆ ಕೊಡುವ ಅಧಿಕಾರ ಅಂಗಡಿಯ ಫಾರ್ಮಾಸಿಸ್ಟಿಗೆ ಸಿಗಬೇಕು. ಆನ್‌ಲೈನ್ ಮಾರಾಟಕ್ಕೂ ವಿಮೆಯ ನಡುವಿನವರಿಗೂ, ಅವರು ಪಡೆಯುವ ರಿಯಾಯಿತಿಯನ್ನು ಬಹಿರಂಗಪಡಿಸುವ ಕಾನೂನು ಈಗಲೇ ಬರಬೇಕು. ಆಂಧ್ರ, ಕರ್ನಾಟಕ ಎರಡೂ ಸರ್ಕಾರಗಳು ಗಡಿಯ ಆರೋಗ್ಯ ಕೇಂದ್ರಗಳಲ್ಲಿ ದೀರ್ಘಕಾಲದ ರೋಗಗಳ ಔಷಧ ಖಾಲಿಯಾಗದಂತೆ, ಪರೀಕ್ಷೆಯಾಗದ ಬ್ಯಾಚು ರೋಗಿಗೆ ಮುಟ್ಟದಂತೆ ನೋಡಿಕೊಳ್ಳಬೇಕು. ಕೇಳುಗರಾದ ನಿಮ್ಮ ಪಾಲಿನ ಕೆಲಸವೂ ಇದೆ. ಚೀಟಿಯಲ್ಲಿ ಮೂಲ ಹೆಸರನ್ನೂ ಬರೆಯಿರೆಂದು ವೈದ್ಯರನ್ನು ಕೇಳಿ. ಔಷಧ ಕೊಂಡಾಗ ಬಿಲ್ಲು ತಪ್ಪದೆ ಪಡೆಯಿರಿ. ಮನೆಯಲ್ಲಿ ಓದಿದ ಮಕ್ಕಳಿದ್ದರೆ ಪ್ರಾಧಿಕಾರದ ಫಾರ್ಮಾ ಸಹಿ ದಾಮ್ ಆ್ಯಪಿನಲ್ಲಿ ಮೇಲ್ಮಿತಿ ಎಷ್ಟೆಂದು ನೋಡಿಸಿ, ಅದಕ್ಕಿಂತ ಹೆಚ್ಚು ಕೇಳಿದ್ದರೆ ದೂರು ಕೊಡಿ. ಆರೋಗ್ಯ ಕೇಂದ್ರದಲ್ಲಿ ಗುಳಿಗೆ ಇಲ್ಲವೆಂದರೆ ಸುಮ್ಮನೆ ಹೊರಗೆ ನಡೆಯದೆ, ಗ್ರಾಮಸಭೆಯಲ್ಲಿ ಆ ಮಾತು ಎತ್ತಿ. ಹತ್ತಿಯ ದಲಾಲಿ ಎಷ್ಟೆಂದು ಕೇಳುವ ಹಕ್ಕು ರೈತನಿಗಿರುವಂತೆ, ಗುಳಿಗೆಯ ದಲಾಲಿ ಎಷ್ಟೆಂದು ಕೇಳುವ ಹಕ್ಕು ರೋಗಿಗಿದೆ. ಆ ಪ್ರಶ್ನೆಯನ್ನು ಎಲ್ಲರೂ ಕೇಳತೊಡಗಿದರೆ ಸರ್ಕಾರಗಳು ಉತ್ತರ ಕೊಡಲೇಬೇಕಾಗುತ್ತದೆ.